ವಾಯ್ದೆಗೆ ಹೋಗ್ಬೇಕಾ, ಬೇಡ್ವಾ?

ಹೊಸನಗರ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬೇಲಿ ಜಗಳದಲ್ಲಿ ಅವರ ಮೇಲೆ ಹೊಡೆದಾಟದ ಕೇಸು ಬಿದ್ದಿದೆ. ಅಡಿಕೆ ಕೊಯ್ಲು ಬಿಟ್ಟು ಕೋರ್ಟಿನ ವಾಯ್ದೆ ವಾಯ್ದೆಗೂ ಬಸ್ಸು ಹತ್ತಿ ಸಾಕಾಗಿದೆಯಂತೆ. 'ವಕೀಲರೇ ಎಲ್ಲ ನೋಡಿಕೊಂಡರೆ ಆಗಲ್ವಾ? ಈಗ ಆರೋಪಿ ಇಲ್ಲದೆಯೂ ವಿಚಾರಣೆ ಮಾಡ್ತಾರಂತಲ್ಲ' ಎಂದು ಕೇಳಿದ್ದಾರೆ.

ಮಾರಾಯ್ರೆ, ಆ ಕಾನೂನು ನಿಮಗಲ್ಲ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂ ಅದು. ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾಗಬಹುದಾದ ಕೇಸಿನಲ್ಲಿ ತಲೆಮರೆಸಿಕೊಂಡು, ಕೋರ್ಟಿನಿಂದ ಘೋಷಿತ ಅಪರಾಧಿ ಅನ್ನಿಸಿಕೊಂಡವರಿಗೆ ಮಾಡಿದ್ದು. ಅಲ್ಲೂ ದೋಷಾರೋಪ ಹೊರಿಸಿ 90 ದಿನ ಕಾಯಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ವಕೀಲರಿಲ್ಲದಿದ್ದರೆ ಸರ್ಕಾರವೇ ಕೊಡಬೇಕು.

ನಿಮಗೆ ಬೇಕಾದದ್ದು ಅದೇ ಸಂಹಿತೆಯ 355ನೇ ಕಲಂ. ವಕೀಲರು ನಿಮ್ಮ ಹಾಜರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಿ, ನ್ಯಾಯಾಧೀಶರಿಗೆ ಒಪ್ಪಿಗೆಯಾದರೆ ನೀವಿಲ್ಲದೆಯೂ ಅಂದಿನ ಕೆಲಸ ನಡೆಯುತ್ತದೆ. ಅರ್ಜಿಯೂ ಇಲ್ಲ, ನೀವೂ ಇಲ್ಲ, ಹೆಸರು ಕೂಗಿದಾಗ ಓಗೊಡುವವರೇ ಇಲ್ಲ ಅಂದರೆ ವಾರಂಟ್ ಆಗಬಹುದು, ಜಾಮೀನು ನಿಂತ ಪಾಪದ ನೆಂಟರಿಗೂ ತಲೆಬಿಸಿ.

ಆದರೆ ಸಾಕ್ಷಿ ಹೇಳುವ ದಿನ ಮಾತ್ರ ದಯವಿಟ್ಟು ಹೋಗಿ. ವಿನಾಯಿತಿ ಸಿಕ್ಕಿಲ್ಲದಿದ್ದರೆ ಸಾಕ್ಷ್ಯವನ್ನು ಆರೋಪಿಯ ಎದುರೇ ದಾಖಲಿಸಬೇಕು ಅಂತ ಕಾನೂನಿದೆ. ಅದು ನಿಮ್ಮನ್ನು ಸತಾಯಿಸಲಿಕ್ಕೆ ಇಟ್ಟದ್ದಲ್ಲ, ನಿಮ್ಮ ಹಕ್ಕು. ವರದಿಗೆ ಹೋಗಿದ್ದಾಗ ಒಮ್ಮೆ ನೋಡಿದ್ದು ಹೇಳುತ್ತೇನೆ. ಸಾಕ್ಷಿ ಕಟಕಟೆಯಲ್ಲಿ ನಿಂತು 'ನಾನು ಹಳ್ಳ ದಾಟಿ ಬರುವಾಗ ಕಣ್ಣಾರೆ ಕಂಡೆ' ಅಂದ. ಹಿಂದೆ ನಿಂತಿದ್ದ ಆರೋಪಿ, ಒದ್ದೆ ಕೊಡೆ ಹಿಡಿದುಕೊಂಡೇ, ತನ್ನ ವಕೀಲರ ಕಿವಿಯಲ್ಲಿ ಏನೋ ಹೇಳಿದ. ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ ಅದು: 'ಆ ವಾರ ಕಾಲುಸಂಕ ಕೊಚ್ಚಿ ಹೋಗಿತ್ತಲ್ಲ, ಹೇಗೆ ದಾಟಿದಿರಿ?' ಸಾಕ್ಷಿ ತಡವರಿಸಿದ. ಪೇಟೆಯಲ್ಲಿರುವ ವಕೀಲರಿಗೆ ನಿಮ್ಮೂರಿನ ಸಂಕದ ಕಥೆ ಹೇಗೆ ಗೊತ್ತಾಗಬೇಕು? ನಿಮ್ಮ ಬೇಲಿ ಯಾವ ಮರದ ಬುಡದಲ್ಲಿ ತಿರುಗುತ್ತದೆ ಅಂತ ಫೈಲಿನಲ್ಲಿ ಬರೆದಿರಲ್ಲ. ವಿಡಿಯೊದಲ್ಲೂ ಹಾಜರಾಗಬಹುದು ಅಂತ ಈಗ ಕಾನೂನಿನಲ್ಲಿದೆ, ನಿಜ. ಆದರೆ ಕಿವಿಯಲ್ಲಿ ಹೇಳಬೇಕಾದ್ದನ್ನು ಅಲ್ಲಿ ಹೇಗೆ ಹೇಳ್ತೀರಿ?

ಹಾಗಾಗಿ ಮುಂದಿನ ವಾಯ್ದೆ ಯಾತಕ್ಕೆ ಅಂತ ವಕೀಲರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಸುಮ್ನೆ ದಿನಾಂಕ ಮುಂದೆ ಹೋಗುವುದಾದರೆ ಅರ್ಜಿ ಸಾಕು. ಸಾಕ್ಷಿ ಇದೆ ಅಂದರೆ ಬೆಳಗಿನ ಬಸ್ಸು ಹಿಡಿಯಿರಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಮರುದಿನ ಬನ್ನಿ ಅಂದರಾಯ್ತು, ಹೇಗೂ ಹೇಳಿದ ದಿನ ಅವರು ಬರಲ್ಲ, ಅಲ್ವಾ?

— ಸಂ.