ದೀಪಾವಳಿ ಎಣ್ಣೆಸ್ನಾನ ತಪ್ಪಿಸ್ಕೊಂಡ ಹುಡುಗ

ಹೆಸರು, ಕೆಲಸ, ಒಂದಷ್ಟು ವಿವರ ಬದಲಾಯಿಸಿ, ಅವನಿಗೇ ಓದಿ ಹೇಳಿ, ಒಪ್ಕೊಂಡ ಮೇಲೇ ಇದನ್ನ ಬರೀತಿದ್ದೀನಿ. ಮಂಜು ಅಂತಿಟ್ಕೊಳ್ಳಿ. 31 ವರ್ಷ, ತಿಪಟೂರು ಕಡೆಯವನು, ಬೆಂಗಳೂರಲ್ಲಿ ಕೆಲಸ.

ನಾನು ಮನಸ್ಸಿನ ಕಷ್ಟ ಕೇಳೋ ಕೌನ್ಸೆಲರ್, ನನ್ನ ಹತ್ರ ಮೊದಲ್ನೇ ದಿನ ಕ್ಯಾಪ್ ಹಾಕ್ಕೊಂಡು ಬಂದಿದ್ದ. ನಿದ್ದೆ ಬರಲ್ಲ ಮೇಡಂ, ಕೆಲಸದಲ್ಲಿ ಮನಸ್ಸು ನಿಲ್ತಿಲ್ಲ ಅಂತ ಶುರು ಮಾಡ್ದ, ಅರ್ಧ ಗಂಟೆ ಆದ್ರೂ ಕೂದಲಿನ ಸುದ್ದಿನೇ ಇಲ್ಲ. ಊರಿಗೆ ಹೋಗ್ತಿರ್ತೀರಾ ಅಂತ ಕೇಳ್ದೆ. ಯಾವಾಗಾದ್ರೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಅಂದ, ಯುಗಾದಿಗೆ ಹೋಗಿಲ್ಲ, ದೀಪಾವಳಿಗೂ ಹೋಗಿಲ್ಲ. ಯಾಕೆ ಅಂದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದು, "ಹಬ್ಬಕ್ಕೆ ಹೋದ್ರೆ ಅಮ್ಮ ತಲೆಗೆ ಎಣ್ಣೆ ಹಚ್ತಾರೆ ಮೇಡಂ" ಅಂತ ಹೇಳಿ ಕ್ಯಾಪ್ ತೆಗೆದ.

ಹಣೆ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ, ಅದೂ ತುಂಬಾ ಕೆಳಗೆ, ಪಿಯುಸಿ ಹುಡುಗನಿಗೆ ಇರೋ ಥರ. ಆ ಗೆರೆಯಲ್ಲಿ ಸರಿಯಾಗಿ ಬೇರೂರದ ನಾಟಿ ಥರ ಅಲ್ಲೊಂದು ಇಲ್ಲೊಂದು ದಪ್ಪ ಕೂದಲು, ಅದರ ಹಿಂದೆ ಬಯಲು. ತಿರುಗಿ ಹಿಂದಲೆ ತೋರಿಸ್ದ, ಕೂದಲು ಕಿತ್ತಿರೋ ಜಾಗ ಎಲ್ಲ ಬಿಳಿ ಬಿಳಿ ಚುಕ್ಕೆ.

ಆಗಿದ್ದು ಇಷ್ಟು. ಎರಡು ಕಡೆ ಹೆಣ್ಣಿನವರು ಫೋಟೋ ನೋಡಿ ಸುಮ್ನಾಗಿದ್ರು, ಒಬ್ರು "ಹುಡುಗನಿಗೆ ವಯಸ್ಸಾದಂಗೆ ಕಾಣತ್ತೆ" ಅಂತ ಬ್ರೋಕರ್ ಹತ್ರ ಹೇಳಿ ಕಳಿಸಿದ್ರು. ಇವನು ಒಂದು ರಾತ್ರಿ ಫೋನಲ್ಲಿ ಹೇರ್ ಟ್ರಾನ್ಸ್‌ಪ್ಲಾಂಟ್, ಅಂದ್ರೆ ಹಿಂದಲೆ ಕೂದಲು ಕಿತ್ತು ಮುಂದೆ ನೆಡೋ ಆಪರೇಷನ್, ಅದರ ಜಾಹೀರಾತು ನೋಡಿ ನಂಬರ್ ಕೊಟ್ಟ, ಬೆಳಿಗ್ಗೆ ಹತ್ತು ಗಂಟೆಗೇ ಕ್ಲಿನಿಕ್‌ನಿಂದ ಕಾಲ್. ಅಲ್ಲಿ ಇವನ ಜೊತೆ ಒಂದೂವರೆ ಗಂಟೆ ಮಾತಾಡಿದವಳು ಡಾಕ್ಟರ್ ಅಲ್ಲ, ಸೇಲ್ಸ್ ಹುಡುಗಿ, ಅವಳ ಕಾರ್ಡಲ್ಲಿ ಇದ್ದಿದ್ದು 'ಹೇರ್ ಕೌನ್ಸೆಲರ್' ಅಂತ. ಇದನ್ನ ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಒಬ್ಬ ಮನುಷ್ಯ ತನ್ನ ಅವಮಾನ ಹೇಳ್ಕೋತಿರೋವಾಗ ಅದನ್ನ ಕೇಳಿಸ್ಕೊಂಡು ರೇಟ್ ಫಿಕ್ಸ್ ಮಾಡೋ ಕೆಲಸಕ್ಕೆ ಆ ಹೆಸರು ಇಡಬಾರದು. 3,000 ಗ್ರಾಫ್ಟ್ (ಬೇರು ಸಮೇತ ಕಿತ್ತು ನೆಡೋ ಕೂದಲು), 1,10,000 ರೂಪಾಯಿ, 30,000 ಕೈಯಿಂದ, ಉಳಿದಿದ್ದು ಇಎಂಐ. ಆಪರೇಷನ್ ದಿನ ಡಾಕ್ಟರ್ ಬಂದು ಪೆನ್ನಲ್ಲಿ ಗೆರೆ ಹಾಕಿ ಹೋದ್ರು, ಆಮೇಲೆ ಸಂಜೆವರೆಗೂ ಕೂದಲು ತೆಗೆದಿದ್ದು, ನೆಟ್ಟಿದ್ದು ಎಲ್ಲ ಟೆಕ್ನಿಷಿಯನ್‌ಗಳೇ.

ಮೂರು ವಾರಕ್ಕೆ ನೆಟ್ಟ ಕೂದಲು ಉದುರಿದಾಗ "ಇದು ನಾರ್ಮಲ್" ಅಂದ್ರು, ಅದು ಸುಳ್ಳಲ್ಲ, ಹಾಗೆ ಉದುರಿ ಮೂರ್ನಾಲ್ಕು ತಿಂಗಳಿಗೆ ಮತ್ತೆ ಹುಟ್ಟೋಕೆ ಶುರುವಾಗತ್ತೆ, ಪೂರ್ತಿ ಫಲ ಗೊತ್ತಾಗೋಕೆ 12ರಿಂದ 18 ತಿಂಗಳು ಬೇಕು. ಆದ್ರೆ ಅದೇ ಮಾತನ್ನ ಹಿಡ್ಕೊಂಡು ವರ್ಷ ಪೂರ್ತಿ ಸಾಗಹಾಕಿದ್ರು. ನೆಟ್ಟಿದ್ದು ಉಳಿದ್ರೂ ಹಿಂದಿರೋ ಹಳೇ ಕೂದಲು ತನ್ನ ಪಾಡಿಗೆ ಉದುರ್ತಾ ಹೋಗತ್ತೆ ಅಂತ ಯಾರೂ ಹೇಳಿರ್ಲಿಲ್ಲ. ಹದಿನಾಲ್ಕನೇ ತಿಂಗಳಿಗೆ ಸಿಕ್ಕ ಉತ್ತರ, ಎರಡನೇ ಸಿಟ್ಟಿಂಗ್ ಮಾಡಿಸಿ ಸರ್, ಡಿಸ್ಕೌಂಟ್ ಕೊಡ್ತೀವಿ. ಇವನು ಇನ್ನೊಂದು ಸಾಲಕ್ಕೆ ಅರ್ಜಿ ಹಾಕೋದ್ರಲ್ಲಿದ್ದ.

ಫೋನಲ್ಲಿ ಒಂದು ಫೋಲ್ಡರ್ ತೋರಿಸ್ದ, ತಲೆಯದ್ದೇ ನಾನೂರು ಚಿಲ್ಲರೆ ಫೋಟೋ, ಎಲ್ಲ ಅದೇ ಬಾತ್‌ರೂಮ್ ಲೈಟಲ್ಲಿ, ದಿನಕ್ಕೆ ಮೂರು ನಾಲ್ಕು ಸಲ. ನನಗೆ ಆಗ ಅನ್ಸಿದ್ದು, ಇವನನ್ನ ಸುಡ್ತಿರೋದು ಬೋಳುತಲೆ ಅಲ್ಲ, ಅದು ಮೊದಲೂ ಇತ್ತು, ಆಗ ನಿದ್ದೆ ಮಾಡ್ತಿದ್ದ. ಮನೆಯವರಿಗೆ ಹೇಳದೆ ದುಡ್ಡು ಕೊಟ್ಟು ಮೋಸ ಹೋದೆ, 'ಗಂಡಸಾಗಿ ಕೂದಲಿಗೆ ಲಕ್ಷ ಸುರಿದ' ಅಂತಾರೆ ಅನ್ನೋ ನಾಚಿಕೆ ಇದ್ಯಲ್ಲ, ಅದು. ಕ್ಲಿನಿಕ್‌ನವರಿಗೂ ಅದೇ ಧೈರ್ಯ, ಇವನು ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ.

ಬದುಕೇ ಬೇಡ ಅನ್ಸಿದ್ಯಾ ಅಂತ ನೇರವಾಗೇ ಕೇಳ್ದೆ. ಕೆಲವು ರಾತ್ರಿ ಅನ್ಸತ್ತೆ, ಏನೂ ಮಾಡ್ಕೊಳ್ಳಲ್ಲ ಅಂದ. ಅಂಥ ರಾತ್ರಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಫೋನಲ್ಲಿ ಸೇವ್ ಮಾಡಿಸ್ದೆ, ದುಡ್ಡು ಕೊಡೋದೇನಿಲ್ಲ, ರಾತ್ರಿ ಹಗಲು ಇರತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೂದಲು ಉದುರೋದು ತಡೆಯೋಕೆ ಅಂತ ಕ್ಲಿನಿಕ್ ಕೊಟ್ಟ ಫಿನಾಸ್ಟರೈಡ್ ಮಾತ್ರೆ ದಿನಾ ನುಂಗ್ತಿದ್ದ. ಕೆಲವರಿಗೆ ಅದ್ರಿಂದ ಮನಸ್ಸು ಕುಗ್ಗೋದು, ಲೈಂಗಿಕ ತೊಂದರೆ ವರದಿಯಾಗಿದೆ, ಮುಂಚೆ ಮನಸ್ಸಿನ ತೊಂದರೆ ಏನಾದ್ರೂ ಇತ್ತಾ ಅಂತ ಒಬ್ರೂ ಕೇಳಿಲ್ಲ. ನಿಲ್ಲಿಸಿ ಅಂತ ಹೇಳೋ ಅಧಿಕಾರ ನನಗಿಲ್ಲ, ಹಾಗಾಗಿ ಎಲ್ಲ ಬರೆದು ಕೈಗೆ ಚೀಟಿ ಕೊಟ್ಟು ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕಳಿಸ್ದೆ. ಅಲ್ಲಿ ಡಾಕ್ಟರ್ ಮಾತ್ರೆ ಬಗ್ಗೆ ಕೂತು ಮಾತಾಡಿದ್ರು, ಹಿಂದಲೆ ಕೂದಲು ಬ್ಯಾಂಕಲ್ಲಿರೋ ದುಡ್ಡಿದ್ದಂಗೆ, ತೆಗೆದಿದ್ದು ಅಲ್ಲಿ ಮತ್ತೆ ಹುಟ್ಟಲ್ಲ, ಈಗ್ಲೇ ತುಂಬಾ ತೆಗೆದಿದ್ದಾರೆ, ಸದ್ಯ ಯಾರ ಕೈಗೂ ತಲೆ ಕೊಡಬೇಡಿ ಅಂದ್ರು.

ನಾನು ಹೇಳಿದ್ದು ಇಷ್ಟೇ. ಎರಡನೇ ಸಿಟ್ಟಿಂಗ್, ಎರಡನೇ ಸಾಲ, ಎರಡೂ ಆರು ತಿಂಗಳು ಬೇಡ, ಗಾಬರಿಯಲ್ಲಿ ತಗೊಂಡ ನಿರ್ಧಾರಾನೇ ಇಲ್ಲಿಗೆ ತಂದಿದ್ದು. ಫೋಟೋ ತಿಂಗಳಿಗೊಂದು ಸಾಕು, ಮೊದಲ ವಾರ ಕೈ ತುರಿಸತ್ತೆ, ತಡ್ಕೊಳ್ಳಿ. ಒಂದು ನೋಟ್‌ಬುಕ್ಕಲ್ಲಿ ಯಾವತ್ತು ಯಾರು ಏನು ಹೇಳಿದ್ರು, ಎಷ್ಟು ಕಟ್ಟಿದ್ರಿ ಅಂತ ತಾರೀಕು ಹಾಕಿ ಬರೀರಿ. ಕೇಸ್ ಶೀಟ್, ಸಹಿ ಹಾಕಿದ ಒಪ್ಪಿಗೆ ಪತ್ರ, ಎಷ್ಟು ಗ್ರಾಫ್ಟ್ ತೆಗೆದ್ರು ಅನ್ನೋ ದಾಖಲೆ ಲಿಖಿತವಾಗಿ ಕೇಳಿ, ಕೇಳಿದ 72 ಗಂಟೆ ಒಳಗೆ ಡಾಕ್ಟರ್ ಕೊಡಬೇಕು ಅಂತ ನಿಯಮಾನೇ ಇದೆ. ಗ್ರಾಹಕರ ಆಯೋಗಕ್ಕೆ ಹೋಗೋಕೆ ಎರಡು ವರ್ಷ ಟೈಮು, 5 ಲಕ್ಷದೊಳಗಿನ ಕೇಸಿಗೆ ಫೀಸ್ ಇಲ್ಲ, ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ಫಲ ಚೆನ್ನಾಗಿ ಬರ್ಲಿಲ್ಲ ಅಂದ ಮಾತ್ರಕ್ಕೆ ತಪ್ಪು ಸಾಬೀತಾಗಲ್ಲ, ಅದನ್ನೂ ಹೇಳ್ದೆ, ಆದ್ರೆ ಯಾರು ಮಾಡಿದ್ರು, ಏನು ಮುಚ್ಚಿಟ್ರು ಅನ್ನೋದು ಲೆಕ್ಕಕ್ಕೆ ಬರತ್ತೆ. ಯೂಟ್ಯೂಬ್ ನೋಡಿ ಕಲ್ತಿದ್ದು ಹೇರ್ ಟ್ರಾನ್ಸ್‌ಪ್ಲಾಂಟ್‌ಗೆ ತರಬೇತಿ ಅನ್ನಿಸ್ಕೊಳ್ಳಲ್ಲ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ.

ಇದೆಲ್ಲಕ್ಕಿಂತ ಕಷ್ಟದ್ದು, ಮನೆಯಲ್ಲಿ ಒಬ್ಬರಿಗೆ ಹೇಳೋದು. ಆಗಲ್ಲ ಮೇಡಂ ಅಂತ ನಾಲ್ಕು ಸೆಷನ್ ಅದೇ ಮಾತು. ಸಾಲ ಕೇಳೋ ಹಾಗಲ್ಲ, ಕ್ಷಮೆ ಕೇಳೋ ಹಾಗಲ್ಲ, ಬಿದ್ದು ಕೈ ಮುರ್ಕೊಂಡ್ರೆ ಹೇಗೆ ಹೇಳ್ತೀರೋ ಹಾಗೆ ಹೇಳಿ ಅಂತ ಅವನ ಹತ್ರ ಎರಡು ಸಲ ಜೋರಾಗಿ ಹೇಳಿಸ್ದೆ.

ಯುಗಾದಿಗೆ ಹೋದ. ಹಿತ್ತಲಲ್ಲಿ ಮಣೆ ಮೇಲೆ ಕೂರಿಸಿ ಅಮ್ಮ ಮನೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ತಿದ್ದಾಗ ಹಿಂದಲೆ ಹತ್ರ ಅವರ ಬೆರಳು ನಿಂತ್ಕೊಂಡ್ವಂತೆ. ಇವನು ತಲೆ ಎತ್ತದೆ ಎಲ್ಲ ಹೇಳಿದ್ದಾನೆ, ದುಡ್ಡಿನ ಲೆಕ್ಕಾನೂ. ಅವರು ಕೇಳಿದ್ದು ಒಂದೇ, "ತುಂಬಾ ನೋವಾಯ್ತೇನೋ?" ಆಮೇಲೆ ಮತ್ತೆ ಎಣ್ಣೆ ಹಚ್ಚಿದ್ರಂತೆ, ಆ ಚುಕ್ಕೆಗಳ ಮೇಲೆ ಮಾತ್ರ ಮೆತ್ತಗೆ.

ದಾಖಲೆ ಕೈಗೆ ಬಂದಿದೆ, ದೂರು ಹಾಕಿದ್ದಾನೆ. ಮುಂದಿನ ತಿಂಗಳು ಹಿಯರಿಂಗ್ ಇದೆ, ತೋಟದ ಕೆಲಸ ಬಿಟ್ಟು ಅಪ್ಪಾನೂ ಜೊತೆಗೆ ಬರ್ತಾರಂತೆ.