ಹೊಸ ಸ್ಟಾರ್ಟರ್ ಮೋಟಾರ್ ಕಿರುಚುವುದೇಕೆ?

ಪ್ರಶ್ನೆ: ನನ್ನ ಹಳೆಯ ಕಾರಿನ ಸ್ಟಾರ್ಟರ್ ಮೋಟಾರ್ ಸುಟ್ಟುಹೋದದ್ದರಿಂದ ರಿಪೇರಿಯಾದ ಬೇರೊಂದು ಮೋಟಾರನ್ನು ತಂದು ನಾನೇ ಕೂರಿಸಿದೆ. ಇದು ಎಂಜಿನ್ ಬ್ಲಾಕಿಗೆ ಕೆಳಗಿನಿಂದ ಎರಡು ಬೋಲ್ಟುಗಳಲ್ಲಿ ಬಿಗಿಯುವ ಬಗೆಯದು. ಎಂಜಿನ್ ಚೆನ್ನಾಗಿಯೇ ಚಾಲೂ ಆಗುತ್ತದೆ, ಆದರೆ ಚಾಲೂ ಆದ ಮರುಕ್ಷಣ, ನಾನು ಕೀಲಿ ಬಿಡುವ ಹೊತ್ತಿಗೆ, ಕಿವಿ ಕೊರೆಯುವಂಥ ಕೀರಲು ಸದ್ದು ಬಂದು ನಿಲ್ಲುತ್ತದೆ. ಹಳೆಯ ಮೋಟಾರ್ ಬಿಚ್ಚುವಾಗ ಎರಡು ತೆಳುವಾದ ತಗಡಿನ ಚೂರುಗಳು ಕೆಳಗೆ ಬಿದ್ದವು, ಅವನ್ನು ಎಸೆದುಬಿಟ್ಟೆ. ತಂದ ಮೋಟಾರೇ ಕೆಟ್ಟದ್ದೇ? ಪಿನಿಯನ್ ಹಲ್ಲುಗಳನ್ನು ಅರದಿಂದ ಸ್ವಲ್ಪ ಉಜ್ಜಿದರೆ ಸರಿಹೋದೀತೇ?

ಉತ್ತರ: ದಯವಿಟ್ಟು ಅರವನ್ನು ಹತ್ತಿರಕ್ಕೂ ತರಬೇಡಿ. ನಿಮ್ಮ ಮೋಟಾರಿನಲ್ಲಿ ಬಹುಶಃ ಯಾವ ದೋಷವೂ ಇಲ್ಲ. ನೀವು ಎಸೆದ ಆ ಎರಡು ತಗಡಿನ ಚೂರುಗಳೇ ಶಿಮ್‌ಗಳು. ಅವು ಮೋಟಾರ್ ಮತ್ತು ಬ್ಲಾಕ್ ಕೂಡುವ ಜಾಗದಲ್ಲಿ ಕಪ್ಪು ಗ್ರೀಸು ಹಾಗೂ ಧೂಳಿನೊಡನೆ ಅಂಟಿಕೊಂಡು ಎಷ್ಟೋ ವರ್ಷ ಕುಳಿತಿರುವುದರಿಂದ, ಕೈಗೆ ಬಂದಾಗ ತುಕ್ಕಿನ ಪದರವೆಂದೇ ತೋರುತ್ತವೆ. ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವು ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಅಂಚಿನಲ್ಲಿರುವ ರಿಂಗ್ ಗೇರಿನೊಳಗೆ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ನಿಶ್ಚಯಿಸುತ್ತಿದ್ದುದು ಅವೇ. ಅವಿಲ್ಲದೆ ಮೋಟಾರ್ ಮೇಲಕ್ಕೆ ಸರಿದಿದೆ, ಹಲ್ಲುಗಳು ಒಂದರೊಳಗೊಂದು ಅತಿಯಾಗಿ ಒತ್ತಿಕೊಂಡಿವೆ.

ಇಂಥ ತೊಂದರೆಯಲ್ಲಿ ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ಯಾವ ಗಳಿಗೆಯಲ್ಲಿ ಬರುತ್ತದೆ ಎನ್ನುವುದೇ ಮುಖ್ಯ. ಎಂಜಿನ್ ಇನ್ನೂ ಹೊತ್ತಿಕೊಳ್ಳದೆ ಸ್ಟಾರ್ಟರ್ ಅದನ್ನು ತಿರುಗಿಸುತ್ತಿರುವಾಗಲೇ ಕೀರಲು ಸದ್ದು ಬಂದರೆ, ಹಲ್ಲುಗಳ ನಡುವೆ ಅಂತರ ಹೆಚ್ಚಾಗಿದೆ, ತುದಿಗಳಷ್ಟೇ ಒಂದನ್ನೊಂದು ಹಿಡಿದಿವೆ ಎಂದರ್ಥ. ಎಂಜಿನ್ ಹೊತ್ತಿಕೊಂಡು, ಕೀಲಿ ಬಿಟ್ಟು, ಪಿನಿಯನ್ ಹಿಂದಕ್ಕೆ ಸರಿಯಬೇಕಾದ ಗಳಿಗೆಯಲ್ಲಿ ಸದ್ದು ಬಂದರೆ ಅಂತರ ಸಾಲದು. ನಿಮ್ಮದು ಈ ಎರಡನೆಯ ಬಗೆ. ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವ ಕೆಲಸ ಮುಗಿದು, ಈಗ ಎಂಜಿನ್ನೇ ಪಿನಿಯನ್ನನ್ನು ತನ್ನ ವೇಗದ ಸುಮಾರು 15ರಿಂದ 20 ಪಟ್ಟು ವೇಗದಲ್ಲಿ ತಿರುಗಿಸುತ್ತಿರುತ್ತದೆ. ಬಿಗಿಯಾಗಿ ಸಿಕ್ಕಿಕೊಂಡ ಹಲ್ಲುಗಳು ಅಷ್ಟು ವೇಗದಲ್ಲಿ ಉಜ್ಜಿಕೊಂಡು ಸೈರನ್ನಿನಂತೆ ಕೂಗುತ್ತವೆ. ಮೋಟಾರಿನೊಳಗೆ ತಿರುಗುವ ಭಾಗವಾದ ಆರ್ಮೇಚರಿಗೆ ಆ ವೇಗ ತಲುಪದಂತೆ ಪಿನಿಯನ್ನಿನ ಹಿಂದಿರುವ ಒಮ್ಮುಖ ಕ್ಲಚ್ ಕಾಪಾಡುತ್ತಿದೆ, ನಿಜ. ಆದರೂ ಹೀಗೆಯೇ ಓಡಿಸುತ್ತಿದ್ದರೆ ಮೋಟಾರಿನ ಮುಂಭಾಗದ ಎರಕದ ಮೂತಿ ಸೀಳಿಹೋಗುತ್ತದೆ. ಹಾಗೆ ಸೀಳಿದ ಮೂತಿಯೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೋಲ್ಟಿನ ತೂತಿನಿಂದ ಹೊರಟ ಕೂದಲೆಳೆಯಷ್ಟು ಬಿರುಕು ಪಿನಿಯನ್ ಕೂರುವ ಕಿಟಕಿಯವರೆಗೂ ಹಬ್ಬಿತ್ತು. ಆ ಮೋಟಾರ್ ಹಾಕಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಸರಿಪಡಿಸಲು ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ. ಸ್ಟಾರ್ಟರಿಗೆ ಬರುವ ದಪ್ಪ ತಂತಿಯಲ್ಲಿ ಫ್ಯೂಸ್ ಇರುವುದಿಲ್ಲವಾದ್ದರಿಂದ, ಸ್ಪ್ಯಾನರ್ ಒಂದು ಕಡೆ ಆ ತಂತಿಗೂ ಇನ್ನೊಂದು ಕಡೆ ಎಂಜಿನ್ನಿಗೂ ತಗಲಿದರೆ ಕೈ ಸುಡುವುದಷ್ಟೇ ಅಲ್ಲ, ಬೆಂಕಿಯೇ ಹೊತ್ತಿಕೊಳ್ಳಬಹುದು. ಕಾರನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ನುಸುಳಬೇಡಿ. ಗಟ್ಟಿ ಸ್ಟ್ಯಾಂಡುಗಳನ್ನು ಕೊಟ್ಟು, ಗಾಲಿಗಳಿಗೆ ಅಡ್ಡ ಇಟ್ಟ ಮೇಲೆಯೇ ಕೆಲಸಕ್ಕೆ ಇಳಿಯಿರಿ. ಹಳೆಯ ಕಾಲದ ಸ್ಟಾರ್ಟರ್ ಎಂಟು ಒಂಬತ್ತು ಕಿಲೋ ತೂಗಬಲ್ಲದು. ಬೋಲ್ಟ್ ಬಿಚ್ಚುವಾಗ ಅದನ್ನು ಒಂದು ಕೈಯಿಂದ ಹಿಡಿದಿರಬೇಕು, ತಂತಿಗಳ ಮೇಲೆ ಜೋತುಬೀಳಲು ಬಿಡಬಾರದು.

ಮೋಟಾರ್ ಇಳಿಸಿದ ಮೇಲೆ ಎರಡೂ ಕೂಡುಮುಖಗಳನ್ನು ಲೋಹ ಹೊಳೆಯುವ ತನಕ ತಿಕ್ಕಿ ಒರೆಸಿ. ರಿಪೇರಿಯಾಗಿ ಬಂದ ಮೋಟಾರುಗಳಿಗೆ ಆ ಮುಖದ ಮೇಲೂ ಬಣ್ಣ ಬಳಿದಿರುತ್ತಾರೆ. ಬಣ್ಣದ ಪದರ ಅಳತೆಯನ್ನು ಕೆಡಿಸುವುದಲ್ಲದೆ, ಮೋಟಾರಿನ ಅರ್ಥ್ ಮರಳುವ ದಾರಿ ಆ ಲೋಹದ ಸ್ಪರ್ಶವೇ ಆಗಿರುವುದರಿಂದ ವಿದ್ಯುತ್ತಿಗೂ ಅಡ್ಡ ನಿಲ್ಲುತ್ತದೆ. ಬೋಲ್ಟುಗಳನ್ನೂ ಗಮನಿಸಿ: ಈ ಬಗೆಯ ಸ್ಟಾರ್ಟರಿನ ಬೋಲ್ಟುಗಳ ಕತ್ತಿನ ಮೇಲೆ ಸಣ್ಣ ಗೀರುಗಳಿದ್ದು, ಆ ಗೀರುಗಳೇ ತೂತಿನಲ್ಲಿ ಬಿಗಿಯಾಗಿ ಕುಳಿತು ಮೋಟಾರನ್ನು ಅಲುಗದಂತೆ ಹಿಡಿಯುತ್ತವೆ. ಅಷ್ಟೇ ಉದ್ದದ ಮಾಮೂಲಿ ಬೋಲ್ಟ್ ಹಾಕಿದರೆ ಮೋಟಾರಿಗೆ ಆಟ ಉಳಿದು, ನೀವು ಎಷ್ಟು ಶ್ರದ್ಧೆಯಿಂದ ಅಳತೆ ಮಾಡಿದ್ದರೂ ಅದು ಎರಡೇ ದಿನದಲ್ಲಿ ತಪ್ಪುತ್ತದೆ.

ಈಗ ಫ್ಲೈವೀಲಿನ ಕೆಳಮುಚ್ಚಳ ತೆಗೆದು, ಶಿಮ್ ಇಲ್ಲದೆಯೇ ಮೋಟಾರನ್ನು ಪೂರ್ತಿ ಬಿಗಿದು, ಸ್ಕ್ರೂಡ್ರೈವರಿನಿಂದ ಪಿನಿಯನ್ನನ್ನು ಮುಂದಕ್ಕೆ ಎಳೆದು ರಿಂಗ್ ಗೇರಿನ ಹಲ್ಲುಗಳೊಳಗೆ ಸೇರಿಸಿ. ಒಂದರ ಹಲ್ಲಿನ ತುದಿಗೂ ಇನ್ನೊಂದರ ಹಲ್ಲುಗಳ ನಡುವಿನ ತಳಕ್ಕೂ ಇರುವ ಅಂತರವನ್ನು ಉರುಟು ತಂತಿಯ ಗೇಜಿನಿಂದ ಅಳೆಯಬೇಕು. ಜನರಲ್ ಮೋಟಾರ್ಸ್‌ನ ಹಳೆಯ ವಿ-8 ಎಂಜಿನ್ನುಗಳಲ್ಲಿ ಇದು ಸುಮಾರು 0.5ರಿಂದ 0.9 ಮಿಲಿಮೀಟರ್ ಇರಬೇಕು. ನಿಮ್ಮ ಕಾರಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಗೇಜ್ ಇಲ್ಲದಿದ್ದರೆ ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ಅದರ ದಪ್ಪವನ್ನು ವರ್ನಿಯರಿನಲ್ಲಿ ನೋಡಿಕೊಂಡು ಬಳಸಬಹುದು. ಒಂದೇ ಜಾಗದಲ್ಲಿ ಅಳೆದು ಸುಮ್ಮನಾಗಬೇಡಿ. ಪಿನಿಯನ್ನನ್ನು ಹಿಂದಕ್ಕೆ ಸರಿಸಿ, ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಅಂತರ ಅತಿ ಕಡಿಮೆ ಇರುವ ಜಾಗಕ್ಕೆ ಹೊಂದಿಸಿ.

ಅಂತರ ಸಾಲದಿದ್ದರೆ ಎರಡೂ ಬೋಲ್ಟುಗಳ ಬಳಿ ಸಮನಾಗಿ ಶಿಮ್ ಸೇರಿಸಿ. ಇಲ್ಲಿ ಹಲವರು ತಪ್ಪುತ್ತಾರೆ: 0.38 ಮಿಲಿಮೀಟರ್ ದಪ್ಪದ ಶಿಮ್ ಹಾಕಿದರೆ ಅಂತರವೂ ಅಷ್ಟೇ ಹೆಚ್ಚುವುದಿಲ್ಲ, ಸುಮಾರು 0.13 ಮಿಲಿಮೀಟರ್ ಮಾತ್ರ ಹೆಚ್ಚುತ್ತದೆ. ಮೋಟಾರ್ ಇರುವುದು ಫ್ಲೈವೀಲಿನ ನೇರ ಅಡಿಯಲ್ಲಲ್ಲ, ಅದರ ಪಕ್ಕದಲ್ಲಿ. ಅದು ಕೆಳಕ್ಕೆ ಸರಿದಾಗ ಹೆಚ್ಚಿನ ಪಾಲು ಫ್ಲೈವೀಲಿನ ಅಂಚಿನ ಗುಂಟ ಜಾರುತ್ತದೆ, ದೂರ ಹೋಗುವುದು ಸ್ವಲ್ಪವೇ. ಆದ್ದರಿಂದ ಎರಡು ಶಿಮ್ ಬೇಕಾದರೆ ಅಚ್ಚರಿಪಡಬೇಡಿ. ಐದಾರು ಬೇಕೆನಿಸಿದರೆ ಮಾತ್ರ ಮೋಟಾರೇ ನಿಮ್ಮ ಎಂಜಿನ್ನಿಗೆ ಸಲ್ಲುವುದಲ್ಲವೆಂದು ಅನುಮಾನಿಸಿ, ಹಳೆಯದರ ಪಕ್ಕದಲ್ಲಿಟ್ಟು ಪಿನಿಯನ್ ಹಲ್ಲುಗಳನ್ನು ಎಣಿಸಿ ನೋಡಿ.

ರಿಂಗ್ ಗೇರನ್ನು ಪೂರ್ತಿ ಒಂದು ಸುತ್ತು ಪರೀಕ್ಷಿಸಲು ಇದೇ ಸಮಯ. ಆರಿಸಿದ ಎಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ನಾಲ್ಕು ಸಿಲಿಂಡರಿನದು ಬಹುತೇಕ ಎದುರುಬದುರಾದ ಎರಡು ಜಾಗಗಳಲ್ಲಿ, ಎಂಟರದು ನಾಲ್ಕು ಜಾಗಗಳಲ್ಲಿ ನಿಲ್ಲುವುದರಿಂದ ಅಲ್ಲಿನ ಹಲ್ಲುಗಳೇ ಸವೆಯುತ್ತವೆ. ಹಲ್ಲು ಮುರಿದಿದ್ದರೆ ಶಿಮ್‌ನಿಂದ ಉಪಯೋಗವಿಲ್ಲ, ಗೇರ್‌ಬಾಕ್ಸ್ ಇಳಿಸಿ ರಿಂಗ್ ಬದಲಿಸಲೇಬೇಕು. ಕೊನೆಗೆ, ಮೋಟಾರಿನ ಹಿಂತುದಿಯನ್ನು ಬ್ಲಾಕಿಗೆ ಹಿಡಿಸುವ ಪಟ್ಟಿಯೊಂದು ನಿಮ್ಮ ಕಾರಿನಲ್ಲಿದ್ದರೆ ಅದನ್ನು ಮರಳಿ ಹಾಕಿ. ಕೈ ಹೋಗದ ಜಾಗದಲ್ಲಿರುವುದರಿಂದ ಅದನ್ನು ಬಿಟ್ಟುಬಿಡುವವರೇ ಹೆಚ್ಚು, ಮೂತಿ ಸೀಳುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಬ್ಯಾಟರಿ ಹೊಸದು, ಸ್ಟಾರ್ಟರೂ ಹೊಸದು. ಆದರೂ ಎಂಜಿನ್ ಏದುಸಿರು ಬಿಡುತ್ತ ತಿರುಗುತ್ತದೆ, ಕೆಲವೊಮ್ಮೆ ಸೊಲೆನಾಯ್ಡ್ (ಸ್ಟಾರ್ಟರಿಗೆ ವಿದ್ಯುತ್ ಹರಿಸುವ ಅಯಸ್ಕಾಂತದ ಸ್ವಿಚ್) ಟಕಟಕ ಎಂದು ಬಡಿದುಕೊಳ್ಳುತ್ತದೆ. ಯಾಕೆ?

ಉತ್ತರ: ಹೊಸತನ್ನೆಲ್ಲ ಹಳೆಯ ತಂತಿಗಳಿಗೆ ಜೋಡಿಸಿದ್ದೀರಿ, ಮೊದಲು ಅವನ್ನು ಅಳೆಯಿರಿ. ಎಂಜಿನ್ ಚಾಲೂ ಆಗದಂತೆ ಇಗ್ನಿಷನ್ ಕಳಚಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಒಬ್ಬರಿಂದ ಕೀಲಿ ತಿರುಗಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ಮೈಗೂ ಹಿಡಿಯಿರಿ. ಅರ್ಧ ವೋಲ್ಟಿನಷ್ಟು ತೋರಿಸಿದರೆ ಅರ್ಥ್ ದಾರಿ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಮೋಟಾರಿನ ಟರ್ಮಿನಲ್ಲಿಗೂ ಹಾಗೆಯೇ ನೋಡಿ. ಆಗಲೇ ಬ್ಯಾಟರಿಯ ಎರಡು ಕಂಬಗಳ ನಡುವೆ 9.6 ವೋಲ್ಟಿಗಿಂತ ಕಡಿಮೆ ಇದ್ದರೆ ಬ್ಯಾಟರಿಯ ಚಾರ್ಜನ್ನೂ ಪರೀಕ್ಷಿಸಬೇಕು.

ಟಕಟಕ ಸದ್ದಿನ ಮೂಲವೂ ಇದೇ. ಸೊಲೆನಾಯ್ಡಿನಲ್ಲಿ ಎಳೆಯುವುದಕ್ಕೊಂದು, ಹಿಡಿದಿಡುವುದಕ್ಕೊಂದು, ಹೀಗೆ ಎರಡು ಸುರುಳಿಗಳಿವೆ. ಒಳಗಿನ ಸಂಪರ್ಕ ಕೂಡಿದೊಡನೆ ಎಳೆಯುವ ಸುರುಳಿ ಸುಮ್ಮನಾಗುತ್ತದೆ, ಮೋಟಾರ್ ಭಾರೀ ವಿದ್ಯುತ್ತನ್ನು ಸೆಳೆದು ವೋಲ್ಟೇಜ್ ಕುಸಿಯುತ್ತದೆ, ಹಿಡಿದಿಡುವ ಸುರುಳಿಗೆ ಬಲ ಸಾಲದೆ ಸ್ಪ್ರಿಂಗ್ ಸಂಪರ್ಕವನ್ನು ಬಿಡಿಸುತ್ತದೆ. ವೋಲ್ಟೇಜ್ ಮತ್ತೆ ಏರಿ, ಮತ್ತೆ ಎಳೆಯುತ್ತದೆ.

ಪ್ರಶ್ನೆ: ಪಿನಿಯನ್ ಸಲೀಸಾಗಿ ಸರಿಯಲೆಂದು ಗ್ರೀಸು ತುಂಬಬಹುದೇ?

ಉತ್ತರ: ಬೇಡ. ಕಾರಿನ ಕ್ಲಚ್ಚಿನಿಂದ ಉದುರುವ ಧೂಳು ಗ್ರೀಸಿಗೆ ಅಂಟಿ ಗಟ್ಟಿಯಾಗಿ ಪಿನಿಯನ್ನನ್ನೇ ಹಿಡಿದುಬಿಡುತ್ತದೆ. ಶಾಫ್ಟಿನ ಮೇಲೆ ತೆಳು ಎಣ್ಣೆಯ ಒಂದು ಒರೆಸು ಸಾಕು, ಹಲ್ಲುಗಳಿಗೆ ಏನೂ ಬೇಕಿಲ್ಲ.