ಫ್ರೀ ಬಸ್ಸು ಬಂತು, ಹುಡುಗಿಯರು ಕಾಲೇಜಿಗೆ ಬಂದರಾ?

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನವಳು, ಬಿ.ಎ. ಕೊನೇ ವರ್ಷ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಓದಿಗೆ ಏನು ಅನುಕೂಲ ಆಯಿತು ಅಂತ ಸಮಾಜಶಾಸ್ತ್ರದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಮ್ಮ ಕಾಲೇಜಿನ ರಿಜಿಸ್ಟರ್ ನೋಡಿದೆ, 2023ರಲ್ಲಿ ಹುಡುಗಿಯರ ಅಡ್ಮಿಷನ್ ಜಾಸ್ತಿ ಆಗಿದೆ. ಗೈಡ್ ಮೇಡಂ ‘ಇದಿಷ್ಟೇ ಸಾಲದು’ ಅಂದರು. 200 ಜನರಿಗೆ ಪ್ರಶ್ನೆಪಟ್ಟಿ ಹಂಚಲಾ? ಸೀನಿಯರ್‌ಗಳು ಹಳೇ ಪ್ರಾಜೆಕ್ಟ್ ನೋಡಿ ಬರೆದುಬಿಡು ಅನ್ನುತ್ತಾರೆ.

ಉತ್ತರ: ಆ ಹಳೇ ಪ್ರಾಜೆಕ್ಟ್ ಮಾತ್ರ ಮುಟ್ಟಬೇಡಮ್ಮ, ಅದು ಎಷ್ಟು ಕೈ ದಾಟಿ ಬಂದಿದೆಯೋ ಏನೋ. ನಿಮ್ಮ ಮೇಡಂ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅವರು ಸಾಲದು ಅಂದಿದ್ದು ಫಾರಂ ಲೆಕ್ಕಕ್ಕಲ್ಲ ಅಂತ ನನ್ನ ಊಹೆ.

2023ರಲ್ಲಿ ಸೇರಿದವರು ಯಾರು, ಸ್ವಲ್ಪ ಹಿಂದಕ್ಕೆ ಎಣಿಸಿ ನೋಡು. ಹೆಚ್ಚಿನವರು 2021ರ ಎಸ್ಸೆಸ್ಸೆಲ್ಸಿ ಬ್ಯಾಚು. ಕೊರೊನಾ ವರ್ಷ, ಎರಡೇ ದಿನದ ಪರೀಕ್ಷೆ, ಶೇ 99.9 ಪಾಸು. ಬೇರೆ ವರ್ಷವಾಗಿದ್ದರೆ ಹತ್ತನೇ ಕ್ಲಾಸಿಗೇ ನಿಂತುಬಿಡುತ್ತಿದ್ದ ಎಷ್ಟೋ ಮಕ್ಕಳು ಪಿಯುಸಿಗೆ ಹೋದರು, ಅವರಲ್ಲಿ ಕೆಲವರಾದರೂ ಎರಡು ವರ್ಷ ಕಳೆದು ಡಿಗ್ರಿ ಬಾಗಿಲಿಗೆ ಬಂದಿರುತ್ತಾರೆ, ಅಲ್ವಾ? ಬಸ್ಸು ಫ್ರೀ ಆಗಿದ್ದೂ ಅದೇ ಹೊತ್ತಿಗೆ, 2023ರ ಜೂನ್ 11ಕ್ಕೆ. ಯಾವುದರಿಂದ ಎಷ್ಟು ಜನ ಬಂದರು ಅಂತ ಬರೀ ಮೊತ್ತ ನೋಡಿದರೆ ಗೊತ್ತಾಗುವುದಿಲ್ಲ.

ಇದನ್ನು ಬಿಡಿಸಬೇಕಾದರೆ ಹುಡುಗರನ್ನು ನೋಡು. ನಗಬೇಡ! ಅವರಿಗೂ ಅದೇ ಎಸ್ಸೆಸ್ಸೆಲ್ಸಿ, ಆದರೆ ಫ್ರೀ ಬಸ್ಸಿಲ್ಲ, ದುಡ್ಡು ಕಟ್ಟಿಯೇ ಬಸ್ ಪಾಸು ಮಾಡಿಸಬೇಕು. ಅವರ ಸಂಖ್ಯೆಯೂ ಅಷ್ಟೇ ಏರಿದ್ದರೆ ಬಸ್ಸಿನಿಂದಲೇ ಆಯಿತು ಅನ್ನಲು ಬರುವುದಿಲ್ಲ. ಇನ್ನೊಂದು ದಾರಿ ಊರಿನದು. ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ಪ್ರೈವೇಟ್ ಬಸ್ಸು, ಆಟೋ ನಂಬಿಕೊಂಡ ಹಳ್ಳಿಗಳು ನಿಮ್ಮ ಕಡೆಯೂ ಇರಬೇಕು. ಅಲ್ಲಿಂದ ಬರುವ ಹುಡುಗಿಯರು ಎಷ್ಟು, ಕೆಂಪು ಬಸ್ಸು ನಿಲ್ಲುವ ಊರಿನವರು ಎಷ್ಟು? ಅಡ್ಮಿಷನ್ ಅರ್ಜಿಯಲ್ಲಿ ವಿಳಾಸ ಇರುತ್ತದಲ್ಲ, ಮೇಡಂ ಮೂಲಕ ಪ್ರಿನ್ಸಿಪಾಲರ ಒಪ್ಪಿಗೆ ತಗೊಂಡು 2019ರಿಂದ ಊರುವಾರು ಗೀಟು ಹಾಕುತ್ತಾ ಎಣಿಸು. 2021ರ ಸಾಲನ್ನು ಮಾತ್ರ ಬೇರೆ ಇಡು, ಆ ವರ್ಷ ಪಿಯುಸಿಯಲ್ಲಿ ಪರೀಕ್ಷೆಯೇ ಇಲ್ಲದೆ ಪಾಸು ಮಾಡಿದ್ದರು.

ಹುಡುಗಿಯರೂ ಮೊದಲು ರಿಯಾಯಿತಿ ಪಾಸಿನಲ್ಲೇ ಓಡಾಡುತ್ತಿದ್ದರು ಅನ್ನುವುದನ್ನು ಮರೆಯಬೇಡ. ಉಳಿದಿದ್ದು ಆ ಪಾಸಿನ ದುಡ್ಡು, ಪೂರ್ತಿ ಟಿಕೆಟ್ಟಿನದಲ್ಲ.

ಇನ್ನು ಆ 200 ಫಾರಂ. ಕ್ಲಾಸಿನಲ್ಲಿ ಹಂಚಿ ‘ಫ್ರೀ ಬಸ್ಸಿನಿಂದ ಅನುಕೂಲ ಆಯಿತೇ?’ ಅಂತ ಕೇಳಿದರೆ ಎಲ್ಲರೂ ಸುಮ್ನೆ ‘ಹೌದು’ಗೆ ಟಿಕ್ ಹಾಕಿ ಕೊಡುತ್ತಾರೆ. ಕ್ಲಾಸಿನಲ್ಲಿ ಕೂತವಳು ಹೇಗೂ ಬಂದವಳೇ. ನಿನಗೆ ಬೇಕಾದವಳು ಬಾರದೆ ಉಳಿದವಳು. ಪಿಯುಸಿ ಮುಗಿಸಿ ಮನೆಯಲ್ಲಿರುವ ಹತ್ತು ಜನರನ್ನು ಹುಡುಕು, ಹತ್ತು ಸಾಕು. ಬೆಳಗಿನ ಬಸ್ಸು ತುಂಬಿಕೊಂಡು ನಿಲ್ಲಿಸದೆ ಹೋಗುತ್ತಿತ್ತಾ, ಸಂಜೆ ಇಳಿದ ಮೇಲೆ ಮನೆ ತನಕ ಕತ್ತಲೆಯಾ, ಅಥವಾ ಮದುವೆ ಗೊತ್ತಾಯಿತಾ, ಕೇಳಿ ಅವರ ಮಾತಿನಲ್ಲೇ ಬರೆದುಕೋ. ಹೆಸರು ಹಾಕುವುದಿಲ್ಲ ಅಂತ ಮೊದಲೇ ಹೇಳು, ಹಾಕಲೂಬೇಡ. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಪುಸ್ತಕ ತೆಗೆಯಬೇಡ. ಕೊಟ್ಟ ಕಾಫಿ ಕುಡಿದು ಬಂದು, ಇನ್ನೊಂದು ದಿನ ಹೋಗು.